ಕಬಿನಿ: ಮುಳುಗಿದ ಕಾಡಿನ ದಡದಲ್ಲಿ

ಕಬಿನಿ ಹಿನ್ನೀರಿನ ಆನೆಗಳ ಚಿತ್ರ ನೋಡದವರು ನಮ್ಮಲ್ಲಿ ಕಡಿಮೆ. ಕ್ಯಾಲೆಂಡರಿನಲ್ಲಿ, ಜಾಹೀರಾತಿನಲ್ಲಿ, ಮೊಬೈಲಿನಲ್ಲಿ ಅದೇ ನೋಟ: ಹಸಿರು ಬಯಲು, ಆಚೆಗೆ ನೀರು, ಮರಿಗಳನ್ನು ನಡುವೆ ಹಾಕಿಕೊಂಡು ಮೇಯುವ ಹಿಂಡು. ಯುಗಯುಗಗಳಿಂದ ಹೀಗೇ ಇತ್ತೇನೋ ಅನ್ನಿಸುತ್ತದೆ. ಹಾಗೇನಿಲ್ಲ. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ನದಿಯ ಅಣೆಕಟ್ಟು ಮುಗಿಯುವ ತನಕ ಅಲ್ಲಿ ಕಾಡಿತ್ತು, ಊರಿತ್ತು, ಹೊಲವಿತ್ತು. ಈಗ ಬೇಸಿಗೆಯಲ್ಲಿ ನೀರು ಹಿಂದೆ ಸರಿದಂತೆ ತೇವದ ಮಣ್ಣಿನಲ್ಲಿ ಎಳೆಹುಲ್ಲು ಏಳುತ್ತದೆ. ಸುತ್ತಲ ಕಾಡು ಒಣಗಿ ನಿಂತ ಆ ಹೊತ್ತಿನಲ್ಲಿ ನಾಗರಹೊಳೆ, ಬಂಡೀಪುರ, ವಯನಾಡಿನ ಆನೆಗಳು ಇಲ್ಲಿಗಿಳಿಯುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಕೂಡುವ ಜಾಗಗಳು ತೀರಾ ಕಡಿಮೆ. ನಿಸರ್ಗದ ಕೊಡುಗೆ ಎಂದು ನಾವು ಹಾಡಿ ಹೊಗಳುವ ಈ ಬಯಲು ನೀರಾವರಿ ಇಲಾಖೆಯ ಅಣೆಕಟ್ಟಿನಿಂದ ಹುಟ್ಟಿದ್ದು.

ಇದೇ ಹಿನ್ನೀರಿನ ದಡದಲ್ಲಿ, ಕಾರಾಪುರದಲ್ಲಿದೆ ಕಬಿನಿ ರಿವರ್ ಲಾಡ್ಜ್. ಮೈಸೂರಿನಿಂದ ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್, ಅಂತರಸಂತೆ ದಾಟಿ ಸುಮಾರು ಎರಡು ಗಂಟೆಯ ಹಾದಿ. ಹತ್ತಿ, ರಾಗಿ, ಹುರುಳಿಯ ಹೊಲಗಳು ಮುಗಿದಲ್ಲಿ ಕಾಡಿನ ಅಂಚು.

ಅರಣ್ಯ ಪ್ರವಾಸವನ್ನು ಸರಕಾರವೇ ವ್ಯವಹಾರವಾಗಿ ನಡೆಸಬಹುದು ಎಂಬ ಯೋಚನೆ ನಮ್ಮ ರಾಜ್ಯದಲ್ಲಿ ಬೇರೂರಿದ್ದು ಇಲ್ಲಿ. ನೇಪಾಳದ ಚಿತವನದಲ್ಲಿ ಹೆಸರು ಮಾಡಿದ್ದ ಟೈಗರ್ ಟಾಪ್ಸ್ ಸಂಸ್ಥೆಯ ಜೊತೆ ಸೇರಿ ಕರ್ನಾಟಕ ಸರಕಾರ 1980ರಲ್ಲಿ ಈ ಲಾಡ್ಜ್ ನಡೆಸುವ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯನ್ನು ಕಟ್ಟಿತು. ಆ ದಶಕ ಮುಗಿಯುವ ಮೊದಲೇ ಪಾಲುದಾರರು ಹೊರನಡೆದು ಸರಕಾರವೇ ಪೂರ್ತಿ ಒಡೆಯನಾಯಿತು. ಸಾರ್ವಜನಿಕ ಉದ್ಯಮಗಳ ಬಗ್ಗೆ ನಮಗೆ ಒಳ್ಳೆಯ ಮಾತಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಇದು ಆ ಮಾತಿಗೆ ಒಗ್ಗದ ಉದಾಹರಣೆ.

ಆವರಣದೊಳಗೆ ಮೈಸೂರು ಅರಸರ ಕಾಲದ ಬಂಗಲೆಗಳಿವೆ. ಮಹಾರಾಜರ ಅತಿಥಿಗಳು ಬೇಟೆಗೂ ಖೆಡ್ಡಾಕ್ಕೂ ಬಂದು ಇಳಿದುಕೊಳ್ಳುತ್ತಿದ್ದ ಜಾಗ ಅದು. ಕಾಡಾನೆಗಳ ಹಿಂಡನ್ನು ಸುತ್ತುವರಿದು, ತಮಟೆ ಬಡಿದು, ಬೆಂಕಿ ತೋರಿಸಿ, ನದಿ ದಾಟಿಸಿ ದೊಡ್ಡಿಗೆ ನೂಕುವ ಖೆಡ್ಡಾ ಕಾಕನಕೋಟೆಯಲ್ಲಿ ಕೊನೆಯದಾಗಿ ನಡೆದದ್ದು 1971ರಲ್ಲಿ. ಆನೆಗಳ ಜಾಡು ಬಲ್ಲ ಜೇನುಕುರುಬ, ಬೆಟ್ಟಕುರುಬ ಆದಿವಾಸಿಗಳಿಲ್ಲದೆ ಅದು ನಡೆಯುತ್ತಲೇ ಇರಲಿಲ್ಲ. ಮೂರೇ ವರ್ಷಕ್ಕೆ ಖೆಡ್ಡಾದ ನೆಲವೂ ನೀರಿನಡಿ ಹೋಯಿತು. ಇಂದು ಅದೇ ನದಿಯ ಮೇಲೆ ದೋಣಿಯಲ್ಲಿ ಕೂತು, ಸದ್ದು ಮಾಡಬೇಡಿ ಎಂದು ಒಬ್ಬರಿಗೊಬ್ಬರು ಸನ್ನೆ ಮಾಡುತ್ತೇವೆ.

ಈ ಬದಲಾವಣೆಗೆ ಒಂದು ಮುಖ ಬೇಕಿದ್ದರೆ ಅದು ಕರ್ನಲ್ ಜಾನ್ ವೇಕ್‌ಫೀಲ್ಡ್ ಅವರದು. 1916ರಲ್ಲಿ ಬಿಹಾರದ ಗಯಾದಲ್ಲಿ ಹುಟ್ಟಿದ ಇವರು ಸೈನ್ಯದಲ್ಲಿದ್ದವರು, ಬೇಟೆಗಾರರಾಗಿದ್ದವರು. ಆಮೇಲೆ ಬಂದೂಕು ಬಿಟ್ಟು ಕಬಿನಿಯಲ್ಲೇ ನೆಲೆನಿಂತರು. ಎಲ್ಲರಿಗೂ ‘ಪಾಪಾ’. 2010ರಲ್ಲಿ ತೀರಿಕೊಳ್ಳುವವರೆಗೂ ಅವರ ಮನೆ ಈ ಲಾಡ್ಜೇ. ಅತಿಥಿ ಹುಲಿ ನೋಡಲು ಬಂದಿದ್ದರೂ ಕಾಡು ನೋಡಿ ಹೋಗಬೇಕು ಎಂಬ ಇಲ್ಲಿನ ರೀತಿಯಲ್ಲಿ ಅವರ ಕೈಗುರುತು ದೊಡ್ಡದು.

ಐಷಾರಾಮದ ಮಾತಿಗೆ ಬರೋಣ. ಅಮೃತಶಿಲೆಯ ನೆಲ, ಈಜುಕೊಳದ ಪಕ್ಕದ ಸಂಗೀತವನ್ನು ಬಯಸುವವರಿಗೆ ಇದೇ ಹಿನ್ನೀರಿನ ದಡದಲ್ಲಿ ಖಾಸಗಿ ರೆಸಾರ್ಟುಗಳಿವೆ. ಇಲ್ಲಿನ ಸುಖ ಬೇರೆ ತರಹದ್ದು. ಬೆಳಕು ಹರಿಯುವ ಮುನ್ನ ಬಾಗಿಲು ತಟ್ಟುತ್ತಾರೆ. ಬಿಸಿ ಚಹಾ ಗಂಟಲಿಗಿಳಿಯುವಷ್ಟರಲ್ಲಿ ಜೀಪು ಸಿದ್ಧ. ಊಟ ಗೋಲ್ ಘರ್‌ನಲ್ಲಿ, ಅಂದರೆ ಹೊಳೆಗೆ ಮುಖಮಾಡಿದ, ಗೋಡೆಯಿಲ್ಲದ ದುಂಡನೆಯ ಚಾವಡಿಯಲ್ಲಿ. ಪಕ್ಕದ ಮೇಜಿನವರು ಯಾರೆಂದು ಗೊತ್ತಿಲ್ಲದಿದ್ದರೂ ‘ಏನು ಕಾಣಿಸಿತು?’ ಎಂದು ಕೇಳಬಹುದು, ಕೇಳಿಯೇ ಕೇಳುತ್ತಾರೆ. ಅಲ್ಲಿನ ಹರಟೆ ಮದುವೆಮನೆಯ ಪಂಕ್ತಿಯ ಹಾಗೆ, ಪರಿಚಯವಿಲ್ಲದವರೂ ಹಳೆಯ ನೆಂಟರಾಗುತ್ತಾರೆ. ರಾತ್ರಿ ವನ್ಯಜೀವಿಗಳ ಕುರಿತ ಚಿತ್ರ, ಆಮೇಲೆ ಬೆಂಕಿಯ ಸುತ್ತ ಮಾತು. ಹೊಳೆಯಾಚೆಯಿಂದ ಕಡವೆಯ ಕೂಗು ಬಂದರೆ ಮಾತು ನಿಲ್ಲುತ್ತದೆ. ಬಾಡಿಗೆ ಮಾತ್ರ ಸಂಬಳದಾರರು ಎರಡು ಸಲ ಲೆಕ್ಕ ಹಾಕುವಷ್ಟಿದೆ. ಊಟ, ಸಫಾರಿ ಅದರಲ್ಲೇ ಸೇರುತ್ತವೆ ಎಂಬುದಷ್ಟೇ ಸಮಾಧಾನ.

ಸಫಾರಿಯಲ್ಲಿ ನನಗೆ ಹಿಡಿಸಿದ್ದು ಚಾಲಕರ ಕಿವಿ. ಹುಲಿ, ಚಿರತೆಗಳನ್ನು ಅವರು ಕಣ್ಣಿಗಿಂತ ಮೊದಲು ಕಿವಿಯಿಂದ ಹುಡುಕುತ್ತಾರೆ. ಮರದ ತುದಿಯಿಂದ ಮುಸುವ ಕೆಮ್ಮಿದರೆ, ಜಿಂಕೆ ಚೂಪಾಗಿ ಕೂಗಿದರೆ, ಎಂಜಿನ್ ಆರಿಸಿ ‘ಕಾಲ್ ಬರ್ತಿದೆ ಸರ್’ ಎಂದು ಬೆರಳೆತ್ತುತ್ತಾರೆ. ಬರೀ ಜಿಂಕೆ ಕೂಗಿದರೆ ಅಷ್ಟೇನೂ ನಂಬುವುದಿಲ್ಲ, ಅದಕ್ಕೆ ಎಲೆ ಅಲುಗಿದರೂ ದಿಗಿಲು. ಕಡವೆ ಕೂಗಿದರೆ ಮಾತ್ರ ಗಾಡಿ ಕದಲುವುದಿಲ್ಲ. ಮತ್ತಿ, ಹೊನ್ನೆ, ನಂದಿ ಮರಗಳ ನಡುವೆ ಹಾಗೆ ಸುಮ್ಮನೆ ಕೂತ ಕಾಲು ಗಂಟೆ ಎಷ್ಟೋ ಜನರಿಗೆ ಜೀವನದಲ್ಲೇ ಮೊದಲು. ಅಷ್ಟರಲ್ಲೇ ಹಿಂದಿನ ಸೀಟಿನಿಂದ ‘ಕರಿ ಚಿರತೆ ಎಲ್ಲಿ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕಬಿನಿಯ ಕರಿ ಚಿರತೆ ಸಾಕ್ಷ್ಯಚಿತ್ರಗಳ ನಾಯಕನಾದಂದಿನಿಂದ ಪಾಪದ ಚುಕ್ಕೆ ಚಿರತೆಗೆ ಬೆಲೆಯೇ ಇಲ್ಲ.

ದೋಣಿಯಲ್ಲಿ ಹೋದರೆ ಈ ಆತುರ ಇಳಿಯುತ್ತದೆ. ಮುಳುಗಿದ ಮರಗಳ ಬೋಳು ಕಾಂಡಗಳು ಐವತ್ತು ವರ್ಷಗಳಾದರೂ ನೀರಿನ ಮೇಲೆ ನಿಂತೇ ಇವೆ. ಅವುಗಳ ತುದಿಯಲ್ಲಿ ರೆಕ್ಕೆ ಹರಡಿ ಒಣಗಿಸಿಕೊಳ್ಳುವ ನೀರುಕಾಗೆಗಳು, ದಡದ ಕೆಸರಿನಲ್ಲಿ ಮೊಸಳೆ. ಹಳಬರು ಈಗಲೂ ಭೋಗೇಶ್ವರನನ್ನು ನೆನೆಯುತ್ತಾರೆ. ಎರಡೂವರೆ ಮೀಟರಿನಷ್ಟು ಉದ್ದದ, ನೆಲ ಮುಟ್ಟುವ ದಂತಗಳ ಆ ಸಾಧು ಸಲಗ 2022ರ ಜೂನ್‌ನಲ್ಲಿ ವಯಸ್ಸಾಗಿ ಸತ್ತಿತು.

ಇಷ್ಟರಲ್ಲೇ ಮುಗಿಸಿದರೆ ಚಿತ್ರ ಅರ್ಧವಾಗುತ್ತದೆ. ಅಣೆಕಟ್ಟು ಮತ್ತು ರಾಷ್ಟ್ರೀಯ ಉದ್ಯಾನ, ಎರಡೂ ಜೇನುಕುರುಬರನ್ನೂ ಬೆಟ್ಟಕುರುಬರನ್ನೂ ಕಾಡಿನಿಂದ ಹೊರಗೆ ಸರಿಸಿದವು. ಅವರು ಬಿಟ್ಟ ಕಾಡಿನಲ್ಲಿ ಹೋಟೆಲ್ ಕಟ್ಟುವ ಪ್ರಯತ್ನವೂ ನಡೆದಿತ್ತು. 1990ರ ದಶಕದಲ್ಲಿ ನಾಗರಹೊಳೆಯ ಒಳಗೇ, ಮೂರ್ಕಲ್‌ನಲ್ಲಿ, ದೊಡ್ಡ ಹೋಟೆಲ್ ಸಮೂಹವೊಂದಕ್ಕೆ ಜಾಗ ಕೊಟ್ಟಾಗ ಆದಿವಾಸಿಗಳು ಬೀದಿಗಿಳಿದರು, ನ್ಯಾಯಾಲಯದ ಮೆಟ್ಟಿಲೇರಿದರು. ಆ ಗುತ್ತಿಗೆ ಅರಣ್ಯ ಸಂರಕ್ಷಣಾ ಕಾಯ್ದೆಗೆ ವಿರುದ್ಧ ಎಂದು ಹೈಕೋರ್ಟ್ 1997ರಲ್ಲಿ ಹೇಳಿತು. ತಮ್ಮನ್ನು ಹೊರಹಾಕಿದ ಕಾಡಿಗೆ ಹೋಟೆಲನ್ನು ಬಿಡುವುದು ಯಾವ ನ್ಯಾಯ ಎಂಬ ಅವರ ಪ್ರಶ್ನೆಗೆ ‘ಪರಿಸರಸ್ನೇಹಿ’ ಎಂಬ ಫಲಕ ಹಾಕಿಕೊಳ್ಳುವ ಪ್ರತಿಯೊಬ್ಬರೂ ಉತ್ತರ ಕೊಡಬೇಕಾಗುತ್ತದೆ. 2012ರಲ್ಲಿ ಸುಪ್ರೀಂ ಕೋರ್ಟ್ ಹುಲಿ ಮೀಸಲುಗಳ ಒಡಲಿನಲ್ಲಿ, ಅಂದರೆ ಕೋರ್ ಪ್ರದೇಶದಲ್ಲಿ, ಕೆಲಕಾಲ ಪ್ರವಾಸವನ್ನೇ ನಿಲ್ಲಿಸಿತ್ತು. ಅದರ ನಂತರ ಬಂದ ಮಾರ್ಗಸೂಚಿ ಆ ಒಡಲಿನ ಶೇಕಡ 20ಕ್ಕಿಂತ ಹೆಚ್ಚು ಜಾಗವನ್ನು ಪ್ರವಾಸಿಗರಿಗೆ ತೆರೆಯಬಾರದು ಎನ್ನುತ್ತದೆ.

ಕಾರಾಪುರದ ಲಾಡ್ಜ್ ಈ ತಕ್ಕಡಿಯಲ್ಲಿ ಎಲ್ಲಿ ನಿಲ್ಲುತ್ತದೆ? ಅದು ಕಾಡಿನ ಒಳಗಿಲ್ಲ, ಅಂಚಿನಲ್ಲಿದೆ. ಲಾಭ ಬಂದರೆ ಸರಕಾರದ ಸಂಸ್ಥೆಗೆ ಬರುತ್ತದೆ. ಆದರೆ ನನ್ನ ಮಟ್ಟಿಗೆ ದೊಡ್ಡ ಅಂಶ ಬೇರೆ. ಜೀಪು ಓಡಿಸುವವರು, ಅಡುಗೆ ಬಡಿಸುವವರು, ದೋಣಿ ನಡೆಸುವವರೊಡನೆ ಮಾತಿಗೆ ಕೂತರೆ ಸುತ್ತಲಿನ ಹಳ್ಳಿಗಳ ಹೆಸರು ಮತ್ತೆ ಮತ್ತೆ ಬರುತ್ತವೆ. ಆನೆ ತುಳಿದ ರಾಗಿ ಹೊಲದ ಸಂಕಟ ಅವರಿಗೆ ವರದಿಯಲ್ಲ, ಮನೆಯ ಮಾತು. ‘ನಿಮಗೆ ಕಂಡ್ರೆ ಫೋಟೊ ಸರ್, ನಮ್ಮಪ್ಪನಿಗೆ ಕಂಡ್ರೆ ರಾತ್ರಿಯೆಲ್ಲ ಜಾಗರಣೆ’ ಎಂದು ಚಾಲಕರೊಬ್ಬರು ನಕ್ಕರು. ಪ್ರವಾಸಿಗೂ ಆ ಅಪ್ಪನಿಗೂ ಕಾಣುವುದು ಒಂದೇ ಹಿಂಡು.

ಈ ಎರಡು ಲೋಕಗಳು ಬಹಿರಂಗವಾಗಿ ಎದುರಾದದ್ದು 2025ರ ಅಕ್ಟೋಬರ್, ನವೆಂಬರ್‌ನಲ್ಲಿ. ಪಕ್ಕದ ಸರಗೂರು ತಾಲ್ಲೂಕಿನಲ್ಲಿ ಹುಲಿ ದಾಳಿಗೆ ರೈತರು ಒಬ್ಬರ ಹಿಂದೊಬ್ಬರು ಬಲಿಯಾದರು. ಸಫಾರಿ ವಾಹನಗಳ ಕಾಟಕ್ಕೆ ಹುಲಿಗಳು ಊರ ಕಡೆ ಬರುತ್ತಿವೆ ಎಂದು ಹಳ್ಳಿಗರು ಸಿಟ್ಟಾದರು. ನಾಗರಹೊಳೆ, ಬಂಡೀಪುರ ಎರಡರಲ್ಲೂ ಸಫಾರಿ ನಿಲ್ಲಿಸಿ ಆ ಸಿಬ್ಬಂದಿಯನ್ನು ಹುಲಿ ಹಿಡಿಯುವ ಕೆಲಸಕ್ಕೆ ಹಚ್ಚಲು ಅರಣ್ಯ ಸಚಿವರು ಆದೇಶಿಸಿದರು. ಹಳ್ಳಿಗರ ವಾದಕ್ಕೆ ವಿಜ್ಞಾನಿಗಳೆಲ್ಲ ತಲೆದೂಗಲಿಕ್ಕಿಲ್ಲ. ಹುಲಿ ಹೆಚ್ಚಿದಲ್ಲಿ ಎಳೆಯವೂ ಮುದಿಯವೂ ಅಂಚಿಗೆ ತಳ್ಳಲ್ಪಡುವುದು ಗೊತ್ತಿರುವ ಸಂಗತಿಯೇ. ಆದರೂ ಸತ್ತವರ ಮನೆಯವರಿಗೆ ಈ ವಿವರಣೆಯನ್ನು ಗೋಲ್ ಘರ್‌ನಲ್ಲಿ ಕೂತು ಹೇಳಲಾಗದು.

ಹೋಗುವವರು ಕೊಠಡಿ ಕಾದಿರಿಸುವ ಮುನ್ನ ಸಫಾರಿ ನಡೆಯುತ್ತಿದೆಯೇ ಎಂದು ಕೇಳಿಕೊಳ್ಳಿ. ಆನೆಗಳಿಗೆ ಮಾರ್ಚ್‌ನಿಂದ ಮೇ ಒಳ್ಳೆಯ ಕಾಲ. ವಯನಾಡಿನಲ್ಲಿ ಮಳೆ ಹಿಡಿದರೆ ರಾಜ್ಯದಲ್ಲಿ ಸಾಮಾನ್ಯವಾಗಿ ಮೊದಲು ತುಂಬುವ ಜಲಾಶಯ ಇದೇ, ಆಗ ಬಯಲು ಮತ್ತೆ ನೀರಾಗಿ ಹಿಂಡುಗಳು ಕಾಡಿಗೆ ಹಿಂದಿರುಗುತ್ತವೆ. ಬೇಸಿಗೆಯಲ್ಲಿ ಜೀಪು, ದೋಣಿ ಎರಡರಲ್ಲಿ ಒಂದೇ ಸಿಗುವುದಾದರೆ ದೋಣಿ ಕೇಳಿ.