ಮೈಗೆ ಹೆರಿಗೆ ಗೊತ್ತು, ಕಾಯುವವರು ಬೇಕು

ಕರ್ನಾಟಕದಲ್ಲಿ ಈಗ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಹೆರುವ ಹೆಣ್ಣಿನ ದೇಹದ ಮೇಲಿನ ಭರವಸೆಯನ್ನೂ ಆ ಆಸ್ಪತ್ರೆಯ ಬಾಗಿಲೊಳಗೆ ಕರೆದುಕೊಳ್ಳುವುದು ಹೇಗೆ?

ತಾನಾಗಿ ನೋವು ಬಂದು ತಾನಾಗಿ ಆಗುವ ಹೆರಿಗೆಗಳು ಹೆಚ್ಚಾಗಿ ಬೆಳಗಿನ ಜಾವದಲ್ಲೇ ಆಗುತ್ತವೆ. ಇಂಗ್ಲೆಂಡಿನಲ್ಲಿ 2005ರಿಂದ 2014ರವರೆಗೆ ನಡೆದ 50 ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಸಮಯವನ್ನು ಸಂಶೋಧಕರು ಜೋಡಿಸಿ ನೋಡಿದಾಗ, ಇಂಥವು ನಸುಕಿನ ನಾಲ್ಕು ಗಂಟೆಯ ಆಸುಪಾಸಿನಲ್ಲಿ ಅತಿ ಹೆಚ್ಚಿದ್ದವು. ಮೊದಲೇ ದಿನ ಗೊತ್ತುಮಾಡಿದ ಸಿಸೇರಿಯನ್‌ಗಳೋ, ವಾರದ ದಿನಗಳ ಬೆಳಗಿನ ಕೆಲಸದ ಹೊತ್ತಿಗೆ ಬಂದು ಕೂತಿದ್ದವು. ದೇಹಕ್ಕೊಂದು ವೇಳೆ, ಆಸ್ಪತ್ರೆಗೆ ಇನ್ನೊಂದು. ನಮ್ಮಲ್ಲಿ ಇವೆರಡರ ಜೊತೆಗೆ ಪಂಚಾಂಗವೂ ಸೇರಿಕೊಂಡಿದೆ. ಒಳ್ಳೆಯ ನಕ್ಷತ್ರ ನೋಡಿ, ಇಷ್ಟು ಗಂಟೆಯೊಳಗೆ ಮಗುವನ್ನು ತೆಗೆದುಕೊಡಿ ಎಂದು ಕೇಳುವ ಮನೆಗಳು ನಗರಗಳಲ್ಲೂ ಇವೆ, ತಾಲ್ಲೂಕು ಕೇಂದ್ರಗಳಲ್ಲೂ ಇವೆ. ಮಗು ಹೊರಬರಲು ಸಿದ್ಧವಾಗಿದೆಯೇ ಎಂಬುದನ್ನು ಯಾರೂ ಕೇಳುವುದಿಲ್ಲ.

ಆ ಸಿದ್ಧತೆ ಸಣ್ಣದಲ್ಲ. ಬಸುರಿಗೆ ಮುಂಚೆ ಅರವತ್ತು ಎಪ್ಪತ್ತು ಗ್ರಾಂ ತೂಗುವ ಗರ್ಭಕೋಶ ದಿನ ತುಂಬುವಾಗ ಸುಮಾರು ಒಂದು ಕಿಲೋ ಆಗಿರುತ್ತದೆ. ಒಂಬತ್ತು ತಿಂಗಳು ಬಿಗಿಯಾಗಿ ಮುಚ್ಚಿಕೊಂಡಿದ್ದ ಗರ್ಭಕೊರಳು ಕೊನೆಯ ವಾರಗಳಲ್ಲಿ ಮೆತ್ತಗಾಗುತ್ತದೆ, ಸೊಂಟದ ಕೀಲುಗಳು ಸಡಿಲುತ್ತವೆ. ಮೆದುಳಿನಿಂದ ಆಕ್ಸಿಟೋಸಿನ್ ಅಲೆ ಅಲೆಯಾಗಿ ಇಳಿದು ಗರ್ಭಕೋಶವನ್ನು ಹಿಂಡುತ್ತದೆ. ಒಂದು ನೋವಿಗೂ ಇನ್ನೊಂದಕ್ಕೂ ನಡುವೆ ಬಿಡುವು ಇದ್ದೇ ಇರುತ್ತದೆ. ಆ ಬಿಡುವು ತಾಯಿಗೆ ಸುಧಾರಿಸಿಕೊಳ್ಳಲು ಎಂದಷ್ಟೇ ನಾವು ತಿಳಿದಿದ್ದೇವೆ. ಹಿಂಡುವಾಗ ಕಡಿಮೆಯಾದ ರಕ್ತ ಮತ್ತೆ ಮಾಸಿಗೆ ಹರಿದು ಮಗುವಿಗೆ ಉಸಿರು ಸಿಗುವುದೂ ಆಗಲೇ. ಮಗುವಿನ ತಲೆ ಕೆಳಗಿಳಿದು ಒತ್ತಿದಷ್ಟೂ ಆ ಒತ್ತಡದ ಸುದ್ದಿ ಮೆದುಳಿಗೆ ಹೋಗಿ ಇನ್ನಷ್ಟು ಆಕ್ಸಿಟೋಸಿನ್ ಬರುತ್ತದೆ. ಜೊತೆಗೆ ದೇಹ ತನ್ನದೇ ನೋವುಶಮನ ಎಂಡಾರ್ಫಿನ್ ಅನ್ನೂ ಸುರಿಸುತ್ತದೆ.

ಮಗುವೂ ಸುಮ್ಮನಿರುವುದಿಲ್ಲ. ಇನ್ನೂ ಬೆಸೆಯದ ತಲೆಮೂಳೆಗಳನ್ನು ಒಂದರ ಮೇಲೊಂದು ಸರಿಸಿಕೊಂಡು ದಾರಿ ಮಾಡಿಕೊಳ್ಳುತ್ತದೆ, ಗಲ್ಲವನ್ನು ಎದೆಗೊತ್ತಿ ತಾಯಿಯ ಬೆನ್ನಿನ ಕಡೆಗೆ ಮುಖ ತಿರುಗಿಸುತ್ತದೆ, ತಲೆ ಬಂದ ಮೇಲೆ ಹೆಗಲು ಹೊರಡಿಸಲು ಇನ್ನೊಮ್ಮೆ ಹೊರಳುತ್ತದೆ. ಹೆರಿಗೆಯ ಒತ್ತಡದಲ್ಲೇ ಅದರ ಮೈಯಲ್ಲಿ ಏರುವ ಹಾರ್ಮೋನುಗಳು ಶ್ವಾಸಕೋಶದ ನೀರನ್ನು ಹಿಂಗಿಸಿ ಮೊದಲ ಉಸಿರಿಗೆ ಅಣಿ ಮಾಡುತ್ತವೆ.

ಇಷ್ಟೆಲ್ಲ ಬಲ್ಲ ದೇಹವನ್ನು ತಡೆಯುವುದು ಭಯ. ಹೆದರಿದಾಗ ಏರುವ ಅಡ್ರಿನಲಿನ್ ಆಕ್ಸಿಟೋಸಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ, ನೋವು ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇಬಿಡುತ್ತದೆ. ದನ ಸಾಕಿದ ಮನೆಯವರಿಗೆ ಇದು ಗೊತ್ತು: ಹಸು ಈಯುವಾಗ ಕೊಟ್ಟಿಗೆಯಲ್ಲಿ ಗದ್ದಲ ಮಾಡಬೇಡಿ, ದೂರ ನಿಂತು ನೋಡಿ ಎಂದು ಹಿರಿಯರು ಮಕ್ಕಳನ್ನು ಆಚೆ ಕಳಿಸುತ್ತಾರೆ. ಅದೇ ಮನೆಯ ಸೊಸೆಯನ್ನು ಮಾತ್ರ ಕಣ್ಣು ಕುಕ್ಕುವ ದೀಪದ ಕೆಳಗೆ, ಗುರುತಿಲ್ಲದವರ ನಡುವೆ, ಒಬ್ಬಳನ್ನೇ ಮಂಚದ ಮೇಲೆ ಅಂಗಾತ ಮಲಗಿಸಿ, ಕೂಗಬೇಡ ಎಂದು ಗದರಿಸುತ್ತೇವೆ. ಆಮೇಲೆ ನೋವು ಸರಿಯಾಗಿ ಬರುತ್ತಿಲ್ಲ ಎಂದು ಡ್ರಿಪ್ ಹಾಕುತ್ತೇವೆ.

ಕೃಷ್ಣಾಪುರದ ಅಜ್ಜಿ

ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರ್ 25ರಂದು, 98ರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಓದು ಬರಹ ಇರಲಿಲ್ಲ. ಈ ವಿದ್ಯೆ ಬಂದದ್ದು ಅಜ್ಜಿ ಮರಿಗೆಮ್ಮನವರಿಂದ. ಏಳು ದಶಕಗಳಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಹೇಳುತ್ತಾರೆ. ಅದಕ್ಕೆ ಕಾಸು ತೆಗೆದುಕೊಂಡವರಲ್ಲ. ತುಮಕೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಅವರಲ್ಲಿ ಎಲ್ಲರೂ ಬೆರಗಾಗುತ್ತಿದ್ದುದು ಕೈಗೆ. ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆ, ಮಗು ಹೇಗಿದೆ ಎಂದು ಹೇಳುತ್ತಿದ್ದರಂತೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆ ಕೈ ಸುಮ್ಮನಿರುತ್ತಿದ್ದ ಹೊತ್ತು. ಸೂಲಗಿತ್ತಿಯ ಕೆಲಸದಲ್ಲಿ ಮುಕ್ಕಾಲು ಪಾಲು ಕಾಯುವುದೇ: ಬಸುರಿಯನ್ನು ಓಡಾಡಿಸುವುದು, ಬೆನ್ನು ನೀವುವುದು, ಬಿಸಿ ಏನಾದರೂ ಕುಡಿಸುವುದು, ಇನ್ನೂ ಮುಕ್ಕಬೇಡ ತಾಯಿ ಎನ್ನುವುದು. ಕಣ್ಣು ಮಾತ್ರ ಬಸುರಿಯ ಮೇಲಿಂದ ಕದಲುವುದಿಲ್ಲ.

ಹಾಗೆಂದು ಹಳೆಯ ಕಾಲವೇ ಚೆನ್ನಾಗಿತ್ತು ಎನ್ನುವವರ ಜೊತೆ ನಾನು ನಿಲ್ಲಲಾರೆ. ನರಸಮ್ಮನವರೇ ಹೆತ್ತ ಹನ್ನೆರಡು ಮಕ್ಕಳಲ್ಲಿ ನಾಲ್ವರು ಚಿಕ್ಕಂದಿನಲ್ಲೇ ಹೋದರು. 2004–06ರಲ್ಲಿ ಕೂಡ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 213 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. 108 ಆಂಬುಲೆನ್ಸ್, ಆಶಾ ಕಾರ್ಯಕರ್ತೆಯರು, ತಾಯಿ ಕಾರ್ಡ್, ರಕ್ತದ ಬಾಟಲಿ, ಹೌದು, ಸಿಸೇರಿಯನ್ ಕೂಡ, ಎಲ್ಲ ಸೇರಿ ಉಳಿಸಿದ ಜೀವಗಳು ಅವು. ಅದರಲ್ಲಿ ಒಂದನ್ನೂ ಬಿಟ್ಟುಕೊಡುವ ಮಾತು ಇಲ್ಲಿಲ್ಲ.

ಗಂಟೆಗೊಂದು ಸೆಂಟಿಮೀಟರ್

1955ರಲ್ಲಿ ನ್ಯೂಯಾರ್ಕಿನ ವೈದ್ಯ ಇಮ್ಯಾನ್ಯುಯೆಲ್ ಫ್ರೀಡ್‌ಮನ್ ಚೊಚ್ಚಲ ಹೆರಿಗೆಯ 500 ಹೆಂಗಸರನ್ನು ಗಮನಿಸಿ, ಗರ್ಭಕೊರಳು ಗಂಟೆಗೆಷ್ಟು ತೆರೆಯುತ್ತದೆ ಎಂಬುದರ ನಕ್ಷೆ ಬರೆದರು. ಅವರಲ್ಲಿ ಹೆಚ್ಚಿನವರು ಔಷಧದ ಮಂಪರಿನಲ್ಲಿದ್ದರು. ಅರ್ಧಕ್ಕಿಂತ ಹೆಚ್ಚು ಶಿಶುಗಳನ್ನು ಫೋರ್ಸೆಪ್ಸ್ ಹಾಕಿ ತೆಗೆಯಲಾಗಿತ್ತು. ಆ ನಕ್ಷೆಯಿಂದ ಬೆಳೆದ ಗಂಟೆಗೊಂದು ಸೆಂಟಿಮೀಟರ್ ಎಂಬ ಲೆಕ್ಕ ಜಗತ್ತಿನ ಲೇಬರ್ ವಾರ್ಡುಗಳನ್ನೆಲ್ಲ ಆಳಿತು. ಅದಕ್ಕಿಂತ ನಿಧಾನವಾದರೆ ಏನೋ ಕೆಟ್ಟಿದೆ ಎಂದೇ ಅರ್ಥ. ನೋವು ಹೆಚ್ಚಿಸುವ ಇಂಜೆಕ್ಷನ್, ಆಮೇಲೂ ಆಗದಿದ್ದರೆ ಆಪರೇಷನ್.

2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಗಡಿಯಾರವನ್ನು ಕೆಳಗಿಳಿಸಿತು. ಬಹಳಷ್ಟು ಹೆಂಗಸರಿಗೆ ಈ ವೇಗ ಹೊಂದುವುದಿಲ್ಲ, ಬರೀ ಇದನ್ನೇ ನೋಡಿ ಕೈ ಹಾಕಬೇಡಿ ಎಂದಿತು. ಹೆರಿಗೆಯ ಜೋರು ಹಂತ ಶುರುವಾಗುವುದು 5 ಸೆಂಟಿಮೀಟರ್ ತೆರೆದ ಮೇಲೆ. ಅಲ್ಲಿಂದಾಚೆ ಚೊಚ್ಚಲ ಹೆರಿಗೆಗೆ 12 ಗಂಟೆಯವರೆಗೂ ಹಿಡಿಯಬಹುದು. ತಾಯಿ ಮಗು ಚೆನ್ನಾಗಿರುವಾಗ, 5 ಸೆಂಟಿಮೀಟರಿಗೆ ಮುಂಚೆ ಅವಸರಪಡಿಸುವುದು ಬೇಡ. ಯೋನಿಯ ಬಾಯಿಗೆ ಎಲ್ಲರಿಗೂ ಕತ್ತರಿ ಹಾಕಿ ಹೊಲಿಗೆ ಹಾಕುವುದು, ಕೂದಲು ಬೋಳಿಸುವುದು, ಎನಿಮಾ ಕೊಡುವುದು, ಹೊಟ್ಟೆಯ ಮೇಲೆ ಕೈಯೂರಿ ಮಗುವನ್ನು ಕೆಳಗೆ ತಳ್ಳುವುದು, ಇವೆಲ್ಲ ಬೇಡ. ಅಪಾಯವಿಲ್ಲದ ಬಸುರಿಗೆ ನೋವಿನ ನಡುವೆ ತಿನ್ನಲು ಕುಡಿಯಲು ಕೊಡಿ, ಓಡಾಡಲು ಬಿಡಿ. ಹೊಕ್ಕುಳಬಳ್ಳಿಯನ್ನು ಕತ್ತರಿಸುವ ಮುಂಚೆ ಒಂದು ನಿಮಿಷವಾದರೂ ಕಾಯಿರಿ. ಈ ಒಂದು ನಿಮಿಷ ನಮಗೆ ತುಂಬ ಮುಖ್ಯ. ಮಾಸಿನಲ್ಲಿ ಉಳಿದ ರಕ್ತ, ಅದರ ಕಬ್ಬಿಣದಂಶ ಮಗುವಿಗೆ ಸೇರುವುದು ಆಗ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಸುಮಾರು ಮೂರನೇ ಎರಡರಷ್ಟು ಮಕ್ಕಳಿಗೆ ರಕ್ತಹೀನತೆ ಇದೆ.

ಅಂಗಾತ ಮಲಗಿ ಹೆರುವುದೂ ದೇಹ ಕೇಳಿದ ಭಂಗಿಯಲ್ಲ. ನೋಡುವವರಿಗೆ, ಕೈ ಹಾಕುವವರಿಗೆ ಅನುಕೂಲವೆಂದು ಬಂದದ್ದು. ಕುಕ್ಕರಗಾಲಲ್ಲಿ ಕೂತರೆ ಸೊಂಟದ ಮೂಳೆಗಳ ನಡುವಿನ ದಾರಿ ಹಿಗ್ಗುತ್ತದೆ, ಮಗುವಿನ ತೂಕವೂ ಕೆಳಮುಖವಾಗಿ ನೆರವಾಗುತ್ತದೆ. ಅಮೆರಿಕದ ಟೆನೆಸಿಯ ಸೂಲಗಿತ್ತಿ ಐನಾ ಮೇ ಗ್ಯಾಸ್ಕಿನ್, ಮಗುವಿನ ಹೆಗಲು ಸಿಕ್ಕಿಕೊಂಡಾಗ ತಾಯಿಯನ್ನು ಕೈ ಮಂಡಿ ಊರಿಸಿ ಬಾಗಿಸುವ ಉಪಾಯವನ್ನು ಗ್ವಾಟೆಮಾಲಾದ ಹಳ್ಳಿಯ ಸೂಲಗಿತ್ತಿಯರ ಮೂಲಕ ಕಲಿತರು. ಇಂದು ಅದು ಅವರ ಹೆಸರಿನಲ್ಲೇ ವೈದ್ಯಕೀಯ ಪುಸ್ತಕಗಳಲ್ಲಿದೆ. ನಮ್ಮ ನರಸಮ್ಮನವರಂಥವರ ಕೈಯ ತಿಳಿವಳಿಕೆಯನ್ನು ಹೀಗೆ ಪಾಠಕ್ಕೆ ತಂದುಕೊಳ್ಳಲು ನಾವು ಮಾಡಿದ್ದು ಬಹಳ ಕಡಿಮೆ. ನನಗೆ ಇದು ನಿಜಕ್ಕೂ ನೋವಿನ ಸಂಗತಿ.

ಜೊತೆಗೊಬ್ಬರು

ಹೆರಿಗೆಯುದ್ದಕ್ಕೂ ಒಬ್ಬರು ಬಿಡದೆ ಜೊತೆಯಲ್ಲಿದ್ದರೆ ಏನಾಗುತ್ತದೆ? 17 ದೇಶಗಳ 15,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ 26 ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆ 2017ರಲ್ಲಿ ಒಟ್ಟಿಗೆ ಪರಿಶೀಲಿಸಿತು. ಜೊತೆಗಾರರಿದ್ದವರಿಗೆ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಅವಧಿ ಗಿಡ್ಡ. ಖರ್ಚಿಲ್ಲದ ಮದ್ದು ಇದು. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರುವವಳ ಜೊತೆ ಒಬ್ಬ ಹೆಂಗಸಿರಲು ಬಿಡಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಆದರೂ ಅಮ್ಮನನ್ನೋ ಅತ್ತೆಯನ್ನೋ ಬಾಗಿಲಾಚೆ ನಿಲ್ಲಿಸುವ ವಾರ್ಡುಗಳು ಇನ್ನೂ ಇವೆ. ಒಂದೇ ಕೋಣೆಯಲ್ಲಿ ಸಾಲು ಮಂಚ, ನಡುವೆ ಪರದೆಯಿಲ್ಲ, ಇರುವ ಒಬ್ಬರು ಸಿಸ್ಟರ್ ಎಷ್ಟು ಜನರ ಕೈ ಹಿಡಿದಾರು? ಗದರುವ ನರ್ಸನ್ನು ಬೈಯುವುದು ಸುಲಭ. ಪಾಳಿಗೊಬ್ಬಳನ್ನೇ ಬಿಟ್ಟ ವ್ಯವಸ್ಥೆಯನ್ನು ಮೊದಲು ಕೇಳಬೇಕು.

ಆದರೆ ದೇಹದ ಮೇಲಿನ ಭರವಸೆಯನ್ನು ತಪ್ಪಾಗಿ ತಿಳಿದರೆ ಅದು ಕೊಲ್ಲುತ್ತದೆ. 2018ರ ಜುಲೈಯಲ್ಲಿ ತಮಿಳುನಾಡಿನ ತಿರುಪ್ಪೂರಿನಲ್ಲಿ, ವಿಡಿಯೊಗಳನ್ನು ನೋಡಿಕೊಂಡು ಮನೆಯಲ್ಲೇ ಹೆರಿಗೆ ಮಾಡಿಕೊಳ್ಳಲು ಹೋದ ಶಿಕ್ಷಕಿಯೊಬ್ಬರು ರಕ್ತಸ್ರಾವದಿಂದ ತೀರಿಕೊಂಡರು. ಮಗು ಬಂದ ಮೇಲೆ ಗರ್ಭಕೋಶ ಮುದುಡಿಕೊಳ್ಳದಿದ್ದರೆ ನಿಮಿಷಗಳಲ್ಲಿ ಜೀವ ಹೋಗುತ್ತದೆ. ಅದಕ್ಕೇ ಮಗು ಹುಟ್ಟಿದ ಕೂಡಲೇ ತಾಯಿಗೆ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡುವುದು, ಅದನ್ನು ಬೇಡವೆನ್ನಬೇಡಿ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್, ರಕ್ತ ಹೋಗುವುದು, ಹಸಿರು ಬಣ್ಣದ ನೀರು ಹೋಗುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು, ಇವು ಕಂಡರೆ ಇನ್ನು ಕಾಯುವಂತಿಲ್ಲ. ಅಂಥ ಹೊತ್ತಿನಲ್ಲಿ ಹೊಟ್ಟೆ ಕೊಯ್ಸಿಕೊಂಡು ಮಗು ಪಡೆದವಳ ದೇಹ ಸೋಲಲಿಲ್ಲ. ಮನೆಗೆ ಬಂದ ಬಾಣಂತಿಗೆ "ನಾರ್ಮಲ್ ಆಗಲಿಲ್ವಾ?" ಎಂದು ಕೇಳುವ ಚಾಳಿಯನ್ನು ನಮ್ಮ ಬೀದಿಗಳು ಬಿಡಬೇಕು.

ಕೇಳಬೇಕಾದದ್ದು ಆಸ್ಪತ್ರೆಯನ್ನು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 2015–16ರಲ್ಲಿ ಶೇ 23.6 ಇದ್ದ ಸಿಸೇರಿಯನ್ 2019–21ಕ್ಕೆ ಶೇ 31.5 ಆಯಿತು. ಪಕ್ಕದ ತೆಲಂಗಾಣದಲ್ಲಿ ಶೇ 60.7. ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ಶೇ 47.4, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ 14.3. ಹೆಂಗಸರ ಸೊಂಟ ಐದು ವರ್ಷದಲ್ಲಿ ಕಿರಿದಾಗುವುದಿಲ್ಲ, ಖಾಸಗಿ ಆಸ್ಪತ್ರೆಯ ಮೆಟ್ಟಿಲು ಹತ್ತಿದೊಡನೆಯೂ ಕಿರಿದಾಗುವುದಿಲ್ಲ. ಕಾಯಲು ಆಳಿಲ್ಲ, ಕಾಯುವುದಕ್ಕೆ ಬೆಲೆಯಿಲ್ಲ, ಏನಾದರೂ ಹೆಚ್ಚುಕಡಿಮೆಯಾದರೆ ಮೇಲೆ ಬೀಳುವ ಜನರ ಭಯ ವೈದ್ಯರಿಗೂ ಇದೆ. ಕಾಯುವುದನ್ನೇ ವೃತ್ತಿಯಾಗಿ ಕಲಿತವರು ಬಂದರೆ ಈ ಗಂಟು ಸಡಿಲಾದೀತು. ನರ್ಸುಗಳಿಗೆ 18 ತಿಂಗಳ ತರಬೇತಿ ಕೊಟ್ಟು, ತೊಡಕಿಲ್ಲದ ಹೆರಿಗೆಗಳನ್ನು ಅವರಿಗೇ ಒಪ್ಪಿಸುವ ಮಿಡ್‌ವೈಫರಿ ಮಾರ್ಗಸೂಚಿಯನ್ನು ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿತು. ಸಿಸೇರಿಯನ್‌ನಲ್ಲಿ ಮುಂದಿದ್ದ ತೆಲಂಗಾಣವೇ ಇಂಥವರನ್ನು ಸರ್ಕಾರಿ ಆಸ್ಪತ್ರೆಗಳಿಗೆ ಕಳಿಸುವುದರಲ್ಲೂ ಮುಂದೆ ಬಂತು. ನರಸಮ್ಮನವರ ನಾಡಿನ ಪ್ರತಿ ತಾಲ್ಲೂಕು ಆಸ್ಪತ್ರೆಗೂ ಅಂಥವರು ಬರಬೇಕು.

ಅಲ್ಲಿಯವರೆಗೆ, ಏಳನೇ ತಿಂಗಳ ತಪಾಸಣೆಗೆ ಹೋದಾಗಲೇ ಕೇಳಿಬಿಡಿ. ಹೆರಿಗೆ ಕೋಣೆಯಲ್ಲಿ ನನ್ನ ಜೊತೆ ಯಾರಿರಬಹುದು? ನೋವಿನಲ್ಲಿ ಓಡಾಡಬಹುದೇ, ಕೂತು ಹೆರಬಹುದೇ? ನೋವು ಬರಿಸುವ ಇಂಜೆಕ್ಷನ್ ಯಾವಾಗ ಕೊಡುತ್ತೀರಿ? ಎಲ್ಲರಿಗೂ ಕತ್ತರಿ ಹಾಕುತ್ತೀರಾ? ರಾತ್ರಿ ಆಪರೇಷನ್ ಬೇಕಾದರೆ ವೈದ್ಯರು, ಅರಿವಳಿಕೆಯವರು, ರಕ್ತ ಸಿಗುತ್ತದೆಯೇ? ಕೊನೆಯ ಪ್ರಶ್ನೆಗೆ ಇಲ್ಲ ಎಂದರೆ, ಇನ್ನುಳಿದವಕ್ಕೆ ಎಷ್ಟೇ ಸಿಹಿಯಾದ ಉತ್ತರ ಸಿಕ್ಕಿದ್ದರೂ ಬೇರೆ ಆಸ್ಪತ್ರೆ ನೋಡಿ. ಏಳನೇ ತಿಂಗಳಲ್ಲಿ ಅದಕ್ಕೆ ಇನ್ನೂ ಹೊತ್ತಿರುತ್ತದೆ.