ಬಾಳಿಕೆಯ ಗುಟ್ಟು ಟೀ ಕತ್ತಿನಲ್ಲಿ

ಬೇಸ್‌ಬಾಲ್ ಬ್ಯಾಟಿಂಗ್ ಅಭ್ಯಾಸದ ಸಲಕರಣೆಗಳಲ್ಲಿ ತೀರ ಸರಳವಾದದ್ದು ಟೀ. ನೆಲದ ಮೇಲೆ ಭಾರವಾದ ಬುಡ, ಅದರ ಮೇಲೊಂದು ಕೊಳವೆ, ತುದಿಗೆ ಚೆಂಡು ಕೂರಿಸಲು ರಬ್ಬರಿನ ಕತ್ತು. ಅದರ ಮೇಲಿಟ್ಟ ಚೆಂಡನ್ನು ಆಟಗಾರ ಎದುರಿನ ಪರದೆಗೆ ಹೊಡೆಯುತ್ತಾನೆ, ಮತ್ತೆ ಇಡುತ್ತಾನೆ, ಮತ್ತೆ ಹೊಡೆಯುತ್ತಾನೆ. ಭಾರತೀಯ ಶಾಲಾ ಕ್ರೀಡಾ ಒಕ್ಕೂಟದ ಆಟಗಳಲ್ಲಿ ಬೇಸ್‌ಬಾಲ್, ಸಾಫ್ಟ್‌ಬಾಲ್ ಎರಡೂ ಇವೆ. ಆದರೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯಂಥ ತಾಲ್ಲೂಕುಗಳ ಶಾಲೆಗೆ ಇಂಥ ಸಾಮಾನು ದೂರದ ಪೇಟೆಯಿಂದ ಬರಬೇಕು. ಒಂದು ಭಾಗ ಹರಿದರೂ ಇಡೀ ಸಾಮಾನು ಮೂಲೆ ಸೇರುತ್ತದೆ. ಯಾವ ಭಾಗ ಮೊದಲು ಸವೆಯಬೇಕೆಂದು ಮುಂಚೆಯೇ ಗೊತ್ತುಮಾಡಿ, ಅದನ್ನು ಊರಲ್ಲೇ ಬದಲಿಸುವಂತೆ ಕಟ್ಟಿದ ಸಲಕರಣೆ ಮಾತ್ರ ಇಲ್ಲಿ ಬಾಳುತ್ತದೆ. ಈ ಸೀಮೆಯಲ್ಲಿ ಹೊಲ ಉಳುವ ರಂಟೆ ಇದೇ ಲೆಕ್ಕದ ಮೇಲೆ ನಿಂತಿತ್ತು. ಕುಳ ಸವೆದರೆ ಅದು ಕಂಬಾರನ ಕುಲುಮೆಗೆ ಹೋಗುತ್ತಿತ್ತು. ರಂಟೆಯನ್ನು ಯಾರೂ ಎಸೆಯುತ್ತಿರಲಿಲ್ಲ.

ಟೀಯಲ್ಲಿ ಕುಳದ ಕೆಲಸ ಮಾಡುವುದು ಕತ್ತು. ಪಳಗಿದ ಆಟಗಾರನ ಬ್ಯಾಟು ಗಂಟೆಗೆ 110 ಕಿ.ಮೀ. ಮೀರಿದ ವೇಗದಲ್ಲಿ ಬರುತ್ತದೆ. ಚೆಂಡಿಗೂ ಬ್ಯಾಟಿಗೂ ಸಂಪರ್ಕ ಇರುವುದು ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು. ಚೆಂಡಿನ ತೂಕ 142ರಿಂದ 149 ಗ್ರಾಂ. ಕಲಿಯುವ ಹುಡುಗರ ಬ್ಯಾಟು ಬೆರಳಗಲ ಕೆಳಗಿಳಿದರೂ ಸಾಕು, ಚೆಂಡಿಗೆ ಬೀಳಬೇಕಾದ ಏಟು ಕತ್ತಿಗೆ ಬೀಳುತ್ತದೆ. ಕತ್ತು ಗಡುಸಾಗಿದ್ದರೆ ಬಿರುಕು ಬಿಡುತ್ತದೆ, ಬ್ಯಾಟಿಗೂ ಗಾಯ ಮಾಡುತ್ತದೆ. ತೀರ ಮೆತ್ತಗಿದ್ದರೆ ಚೆಂಡಿನ ಭಾರಕ್ಕೇ ವಾಲುತ್ತದೆ. ಬಾಗಬೇಕು, ಬಾಗಿ ನೆಟ್ಟಗಾಗಬೇಕು, ಇದರ ಜೊತೆಗೆ ಕಲಬುರಗಿ ಜಿಲ್ಲೆಯ ಬೇಸಿಗೆಯನ್ನೂ ತಡೆಯಬೇಕು. ಅಗ್ಗದ ಪ್ಲಾಸ್ಟಿಕ್ಕು ಇಂಥ ಬಿಸಿಲಿಗೆ ಬೇಗ ಒಣಗಿ ಪೆಡಸಾಗುತ್ತದೆ. ಲಾರಿ, ಟ್ರ್ಯಾಕ್ಟರುಗಳ ಹಳೆಯ ಟ್ಯೂಬಿನಲ್ಲಿ ಹೆಚ್ಚಾಗಿ ಇರುವ ಬ್ಯುಟೈಲ್ ರಬ್ಬರು ಬಿಸಿಲು, ಗಾಳಿಗೆ ಅಷ್ಟು ಸುಲಭವಾಗಿ ಸೋಲುವುದಿಲ್ಲ. ಏಟಿನ ಕಂಪನವನ್ನು ನುಂಗಿಕೊಳ್ಳುವ ಗುಣವೂ ಅದಕ್ಕಿದೆ. ಆ ಟ್ಯೂಬಿನ ಪಟ್ಟಿಯನ್ನು ಎರಡು ಮೂರು ಸುತ್ತು ಸುರುಳಿ ಸುತ್ತಿ, ಮೇಲ್ತುದಿಯನ್ನು ಚೆಂಡು ಕೂರುವಷ್ಟು ಅರಳಿಸಿ, ಕೆಳತುದಿಯನ್ನು ನೀರಿನ ಪೈಪಿಗೆ ಹಾಕುವ ಕ್ಲಿಪ್ಪಿನಿಂದ ಬಿಗಿದರೆ ಕತ್ತು ಸಿದ್ಧ. ಹರಿದ ದಿನ ಒಂದು ಸ್ಕ್ರೂ ಬಿಚ್ಚಿ ಹೊಸ ಪಟ್ಟಿ ಸುತ್ತಿದರಾಯಿತು. ಪಂಚರ್ ಅಂಗಡಿಯಿರುವ ಯಾವ ಊರಲ್ಲೂ ಇದು ಸಾಧ್ಯ.

ಅಭ್ಯಾಸದ ಸಲಕರಣೆಗಳ ಚರಿತ್ರೆಯೂ ಸರಳತೆಯ ಪರವಾಗಿಯೇ ಇದೆ. 1897ರಲ್ಲಿ ಪ್ರಿನ್ಸ್‌ಟನ್‌ನ ಗಣಿತಜ್ಞ ಚಾರ್ಲ್ಸ್ ಹಿಂಟನ್ ಮದ್ದಿನಿಂದ ಚೆಂಡು ಹಾರಿಸುವ ಬಂದೂಕಿನಂಥ ಯಂತ್ರ ಕಟ್ಟಿದರು. ವೇಗ ಬದಲಿಸಬಹುದಾಗಿದ್ದ ಆ ಜಾಣ ಯಂತ್ರ ಬಳಕೆಯಲ್ಲಿ ಉಳಿಯಲಿಲ್ಲ. ಅತ್ತ ಕ್ರಿಕೆಟ್ಟಿನಲ್ಲಿ ಆಸ್ಟ್ರೇಲಿಯದ ಬ್ಯಾಟ್ಸ್‌ಮನ್ ಬ್ರಾಡ್ಮನ್ ಬಾಲ್ಯದ ಸಲಕರಣೆ ಒಂದು ಸ್ಟಂಪು, ಒಂದು ಗಾಲ್ಫ್ ಚೆಂಡು, ಬೌರಲ್‌ನ ಮನೆಯ ನೀರಿನ ಟ್ಯಾಂಕಿನ ಇಟ್ಟಿಗೆ ಕಟ್ಟೆ. ಅಲ್ಲಿ ಕೆಡುವಂಥದ್ದೇ ಏನೂ ಇರಲಿಲ್ಲ.

ಉಳಿದ ಭಾಗಗಳನ್ನು ಇಲ್ಲಿನ ಮಣ್ಣು, ಧೂಳು ನೋಡಿಯೇ ಮಾಡಬೇಕು. ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ನೆಟ್ಟ ಕಂಬ ವಾಲುತ್ತದೆ. ಹಳೆಯ ಟೈರಿನೊಳಗೆ ಕಾಂಕ್ರೀಟು ತುಂಬಿದ ಬುಡವನ್ನು ಬೇಕಾದಲ್ಲಿಗೆ ಉರುಳಿಸಿಕೊಂಡು ಹೋಗಬಹುದು. ಎತ್ತರ ಬದಲಿಸಲು ತಿರುಪು ಬೇಡ, ಧೂಳು ಕಚ್ಚಿಕೊಳ್ಳುತ್ತದೆ; ತೂತಿನಲ್ಲಿ ತೂರಿಸುವ ಕಬ್ಬಿಣದ ಕಡ್ಡಿ ಸಾಕು. ಚೆಂಡು ತಡೆಯಲು ತಾಡಪತ್ರಿಯನ್ನು ಬಿಗಿಯಾಗಿ ಎಳೆದು ಕಟ್ಟದೆ ಸಡಿಲವಾಗಿ ಇಳಿಬಿಡಬೇಕು. ಬಟ್ಟೆ ಹಿಂದಕ್ಕೆ ಸರಿಯುತ್ತ ಏಟಿನ ಬಿರುಸು ತಗ್ಗಿಸುತ್ತದೆ, ಹರಿಯುವುದು ಕಡಿಮೆ.

ನಿಂತ ಚೆಂಡು ಹೊಡೆದು ಓಡುವ ಚೆಂಡು ಹೊಡೆಯಲು ಕಲಿಯುವುದುಂಟೇ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಟೀ ಕಲಿಸುವುದು ಬ್ಯಾಟು ಬೀಸುವ ದಾರಿಯನ್ನು, ಕಣ್ಣಿನ ಚುರುಕನ್ನಲ್ಲ. ಆದರೂ ಅಮೆರಿಕದ ಮೇಜರ್ ಲೀಗ್ ಆಟಗಾರರು ಇಂದಿಗೂ ಟೀ ಬಿಟ್ಟಿಲ್ಲ. ವೇಗದ ಅಭ್ಯಾಸಕ್ಕೂ ದೊಡ್ಡ ಯಂತ್ರವೇ ಆಗಬೇಕೆಂದಿಲ್ಲ ಎಂಬುದಕ್ಕೆ ಕುಮಟಾದ ರಾಘವೇಂದ್ರ ಅವರೇ ಸಾಕ್ಷಿ. ಭಾರತ ಕ್ರಿಕೆಟ್ ತಂಡದ ಬ್ಯಾಟ್ಸ್‌ಮನ್ನರಿಗೆ ಅವರು ಅತಿವೇಗದ ಚೆಂಡು ಎಸೆಯುವುದು ತುದಿಯಲ್ಲಿ ಬಟ್ಟಲಿನಂಥ ಹಿಡಿಯಿರುವ ಸೈಡ್‌ಆರ್ಮ್ ಎಂಬ ಕೋಲಿನಿಂದ. ವೇಗದ ಬೌಲಿಂಗ್ ಎದುರಿಸುವ ತಮ್ಮ ತಂಡದ ಆಟ ಸುಧಾರಿಸಿದ್ದಕ್ಕೆ ವಿರಾಟ್ ಕೊಹ್ಲಿಯೇ ರಾಘವೇಂದ್ರ ಅವರ ಹೆಸರನ್ನು ಬಹಿರಂಗವಾಗಿ ಹೇಳಿದ್ದಾರೆ. ಊರಲ್ಲಿ ಮಾಡಿದ್ದಕ್ಕೆ ಭದ್ರತೆಯೇನು ಎಂದು ಕೇಳುವವರೂ ಇದ್ದಾರೆ. ಕೊಳವೆಯ ಅಂಚು ಉಜ್ಜಿ ನುಣುಪು ಮಾಡಿರಬೇಕು, ಹೊಡೆಯುವವರ ಸುತ್ತ ಯಾರೂ ನಿಲ್ಲಬಾರದು, ಸವೆದ ಕತ್ತನ್ನು ಅಂದೇ ಬದಲಿಸಬೇಕು. ಪೇಟೆಯ ಸಾಮಾನಿಗೂ ಇದೇ ಕಟ್ಟುಪಾಡು. ಇನ್ನು ಬೇಸ್‌ಬಾಲ್ ಆಡುವವರೆಷ್ಟು ಎಂಬ ಮಾತು: ಇದೇ ಟೀ ಮೇಲೆ ಟೆನಿಸ್ ಚೆಂಡಿಟ್ಟು ಕ್ರಿಕೆಟ್ ಹುಡುಗರೂ ಡ್ರೈವ್ ಅಭ್ಯಾಸ ಮಾಡಬಹುದು.

ಕೊರತೆಯಿರುವುದು ಕೈಗಳದ್ದಲ್ಲ, ಕೇಳುವವರದ್ದು. ಟ್ರ್ಯಾಕ್ಟರು ಬಂದ ಮೇಲೆ ರಂಟೆ, ಕೂರಿಗೆ ಮಾಡುವ ಬಡಿಗೇರರಿಗೆ, ಕುಳ ಹದ ಮಾಡುವ ಕಂಬಾರರಿಗೆ ಕೆಲಸ ತಗ್ಗಿತು. ಯಾವ ಭಾಗ ಎಷ್ಟು ಸವೆಯುತ್ತದೆಂದು ಮುಟ್ಟಿ ಹೇಳುವ ಅವರ ತಿಳಿವಳಿಕೆಯೂ ಅವರ ತಲೆಮಾರಿನೊಂದಿಗೇ ಕರಗುತ್ತಿದೆ. ಅವರು ಇರುವಾಗಲೇ ಒಬ್ಬ ದೈಹಿಕ ಶಿಕ್ಷಕರು ಒಂದು ಟೀ ಅಳತೆ ಹಿಡಿದು ಅವರ ಬಾಗಿಲಿಗೆ ಹೋದರೆ, ಮಕ್ಕಳಿಗೆ ಆಟದ ಸಾಮಾನು ಸಿಗುತ್ತದೆ, ಆ ತಿಳಿವಳಿಕೆಗೂ ಇನ್ನಷ್ಟು ವರ್ಷ ಕೆಲಸ ಸಿಗುತ್ತದೆ. ತಡವಾದರೆ ಟೀ ಕೊಳ್ಳಬಹುದು. ಅದನ್ನು ರಿಪೇರಿ ಮಾಡಬಲ್ಲವರನ್ನು ಕೊಳ್ಳಲಾಗದು.