ಎಂಟರಲ್ಲಿ ಒಬ್ಬ ಕಳ್ಳ

ಮೊಮ್ಮಗ ಗೆಳೆಯರಿಗಾಗಿ ಮೈನ್‌ಕ್ರಾಫ್ಟ್ ಆಟದ ಸರ್ವರ್ ನಡೆಸುತ್ತಾನೆ. ಮೊನ್ನೆ ಅದು ಶುರುವಾದ ಕೂಡಲೇ ಕೆಡತೊಡಗಿತು. "ತಾತಾ, ನಾವು ಕಟ್ಟಿದ ಊರೆಲ್ಲ ಹೋಯ್ತು!" ಎಂದು ಅಳುಮುಖ ಮಾಡಿದ.

ಪ್ಲಗಿನ್ ಎಂದರೆ ಬೇರೆಯವರು ಬರೆದ ಸೇರ್ಪಡೆ. ಅವು 8 ಇದ್ದವು. ಬ್ಯಾಂಕಿನಲ್ಲಿ ಲೆಕ್ಕ ಟ್ಯಾಲಿ ಆಗದಿದ್ದರೆ ಲೆಡ್ಜರುಗಳನ್ನು ಭಾಗ ಮಾಡಿಕೊಂಡು ಹುಡುಕುತ್ತಿದ್ದೆವು. "ಮೊದಲು ಊರಿನ ಫೋಲ್ಡರ್ ನಕಲು ಮಾಡಿಡಪ್ಪ, ಆಮೇಲೆ ಅರ್ಧ ಪ್ಲಗಿನ್ ಹೊರಗಿಡು" ಎಂದೆ.

4 ತೆಗೆದ, ಸರ್ವರ್ ಓಡಿತು. ಕಳ್ಳ ಹೊರಗಿದ್ದಾನೆ! ಅವುಗಳಲ್ಲಿ 2 ಮರಳಿ ಹಾಕಿದ, ಕೆಟ್ಟಿತು. ಆ ಎರಡರಲ್ಲಿ ಒಂದನ್ನು ತೆಗೆದ; ಓಡಿತು. ಮೂರೇ ಸಲಕ್ಕೆ ಸಿಕ್ಕಿಬಿದ್ದ. ಆಟ ಹೊಸ ಆವೃತ್ತಿಗೆ ಏರಿತ್ತು, ಆ ಪ್ಲಗಿನ್ ಹಳೆಯದು. ಊರು ಹಾಗೇ ಇತ್ತು.

ಆಮೇಲೆ ಲಾಗ್ ಕಡತ ತೆರೆದರೆ, ಅದೇ ಪ್ಲಗಿನ್ನಿನ ಹೆಸರು ಪ್ರತಿ ಸಲವೂ ಬರೆದಿತ್ತು. ನಾವಿಬ್ಬರೂ ಓದಿಯೇ ಇರಲಿಲ್ಲ!